ಒಂದೇ ಬಸಿರಿನ ಮಾತು

ಸೊಫೊಕ್ಲಿಸ್‌ನ ‘ಅಂತಿಗೊನೆ’ಯನ್ನು ನಾನು ಓದುವುದು ರಿಚರ್ಡ್ ಜೆಬ್ 1888ರಲ್ಲಿ ಹೊರತಂದ ಆವೃತ್ತಿಯಲ್ಲಿ. ಎಡಪುಟದಲ್ಲಿ ಗ್ರೀಕ್ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಗದ್ಯ, ಬುಡದಲ್ಲಿ ಇರುವೆ ಸಾಲಿನಂಥ ಟಿಪ್ಪಣಿ. ನನಗೆ ಗ್ರೀಕ್ ಬಾರದು. ಅಕ್ಷರ ಕೂಡಿಸಿ ಓದಬಲ್ಲೆ, ಅಷ್ಟೆ. ಸುಮಾರು 1,350 ಸಾಲಿನ ನಾಟಕ, ಸುಮ್ಮನೆ ಓದಿದರೆ ಒಂದು ಸಂಜೆಗೆ ಮುಗಿಯುತ್ತದೆ. ಟಿಪ್ಪಣಿ ಹಿಡಿದು ಹೊರಟರೆ ಮೊದಲ ಸಾಲೇ ಅರ್ಧ ಸಂಜೆ ನುಂಗುತ್ತದೆ.

ಆ ಸಾಲಿನಲ್ಲಿ ಅಂತಿಗೊನೆ ಒಡಹುಟ್ಟಿದ ಇಸ್ಮೆನೆಯನ್ನು ಕರೆಯುತ್ತಾಳೆ. ಕರೆಯುವ ಪದದೊಳಗೆ ‘ಆದೆಲ್ಫೋಸ್’ ಇದೆ. ಇಂಗ್ಲಿಷಿನ ‘ಸಿಸ್ಟರ್’ ಇದರ ಮುಂದೆ ಸಪ್ಪೆ. ಬಿಡಿಸಿದರೆ ‘ಒಂದೇ ಬಸಿರಿನವರು’ ಎಂದರ್ಥ. ನಮ್ಮ ‘ಸಹೋದರ’ದಲ್ಲಿ ‘ಉದರ’ ಕೂತಿಲ್ಲವೇ, ಹಾಗೆ. ದಿನಾ ಆಡಿ ಆಡಿ ಸವೆದ ಆ ಪದದೊಳಗಿನ ಹೊಟ್ಟೆ ನಮಗೀಗ ಕೇಳಿಸುವುದೇ ಇಲ್ಲ. ಅಂತಿಗೊನೆಗೆ ಕೇಳಿಸುತ್ತದೆ. ಹೆತ್ತ ಯೊಕಾಸ್ತೆ ಅವಳಿಗೆ ತಾಯಿಯೂ ಹೌದು, ಅಪ್ಪ ಈಡಿಪಸ್‌ನ ತಾಯಿಯೂ ಹೌದು. ಆ ಮನೆಯ ಅನಾಹುತವೆಲ್ಲ ಹುಟ್ಟಿದ್ದು ಆ ಬಸಿರಿನಲ್ಲೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 904ರಿಂದ 920ರವರೆಗಿನ ಸಾಲುಗಳಿಗೆ ಬನ್ನಿ. ದೊರೆ ಕ್ರಿಯೋನ್‌ನ ಆಜ್ಞೆ ಮೀರಿ ಒಡಹುಟ್ಟಿದ ಪೊಲಿನೈಕಿಸ್‌ನ ಹೆಣಕ್ಕೆ ಮಣ್ಣು ಹಾಕಿದವಳು, ಜೀವಂತ ಗವಿ ಸೇರುವ ಮುನ್ನ ವಿಚಿತ್ರವಾದೊಂದು ಮಾತಾಡುತ್ತಾಳೆ. ಗಂಡನಿಗಾಗಿಯೋ ಮಗುವಿಗಾಗಿಯೋ ಆಗಿದ್ದರೆ ಈ ಕೆಲಸ ಮಾಡುತ್ತಿರಲಿಲ್ಲವಂತೆ. ಗಂಡ ಇನ್ನೊಬ್ಬ ಸಿಕ್ಕಾನು, ಮಗು ಇನ್ನೊಂದು ಹುಟ್ಟೀತು. ಹೆತ್ತವರು ಮಣ್ಣಾದ ಮೇಲೆ ಒಡಹುಟ್ಟಿದವನು ಎಲ್ಲಿಂದ ಬರಬೇಕು?

ಜರ್ಮನ್ ಕವಿ ಗಯಟೆಗೆ ಇದನ್ನು ಸಹಿಸಲಾಗಲಿಲ್ಲ. ಯಾರಾದರೂ ವಿದ್ವಾಂಸರು ಇದನ್ನು ಪ್ರಕ್ಷಿಪ್ತವೆಂದು ಸಾಧಿಸಿ ತೋರಿಸಬಾರದೇ ಎಂದು 1827ರಲ್ಲಿ ತನ್ನ ಆಪ್ತ ಎಕರ್‌ಮನ್ನನ ಬಳಿ ಹಂಬಲಿಸಿದ್ದ. ಜೆಬ್ ಕೂಡ ಬಹಳ ಯೋಚಿಸಿ, ಇದು ಸೊಫೊಕ್ಲಿಸ್‌ನದಲ್ಲ ಎಂದೇ ತೀರ್ಮಾನಿಸಿದರು. ಶಂಕೆಗೆ ಕಾರಣವಿದೆ. ಇತಿಹಾಸಕಾರ ಹೆರೊಡೊಟಸ್‌ನ ಮೂರನೇ ಪುಸ್ತಕದಲ್ಲಿ ಪರ್ಷಿಯಾದ ಇಂಟಫರ್ನಿಸ್‌ನ ಹೆಂಡತಿ, ನಿನ್ನವರಲ್ಲಿ ಒಬ್ಬನನ್ನು ಮಾತ್ರ ಉಳಿಸುತ್ತೇನೆಂದ ದೊರೆ ಡೇರಿಯಸ್‌ಗೆ ಇದೇ ಲೆಕ್ಕ ಒಪ್ಪಿಸಿ ಒಡಹುಟ್ಟಿದವನನ್ನು ಕೇಳುತ್ತಾಳೆ. ಅಲ್ಲಿ ಬದುಕಿದ್ದವನನ್ನು ಉಳಿಸಿಕೊಳ್ಳುವ ಮಾತು. ಇಲ್ಲಿ ಅವನು ಆಗಲೇ ಹೆಣ. ಲೆಕ್ಕ ಕೂಡುವುದಿಲ್ಲ, ನಿಜ. ಆದರೆ ಅರಿಸ್ಟಾಟಲ್ ತನ್ನ ‘ರೆಟರಿಕ್’ನಲ್ಲಿ ಈ ಮಾತನ್ನೇ ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ. ಆಗ ಸೊಫೊಕ್ಲಿಸ್ ಸತ್ತು ನೂರು ವರ್ಷವೂ ಕಳೆದಿರಲಿಲ್ಲ.

ಜೆಬ್ ಎದುರು ನಾನು ವಾದಕ್ಕೆ ನಿಲ್ಲುವುದು ಅಧಿಕಪ್ರಸಂಗವೇ. ಆದರೂ ಹೇಳುತ್ತೇನೆ, ಈ ಸಾಲುಗಳನ್ನು ಕಿತ್ತರೆ ನಾಟಕದ ಬೇರಿಗೇ ಏಟು. ಮೊದಲ ಸಾಲಿನಲ್ಲಿ ಬಸಿರು, 511ರಲ್ಲಿ ಕ್ರಿಯೋನ್ ಜೊತೆ ಜಗಳಕ್ಕೆ ನಿಂತಾಗಲೂ ಒಂದೇ ಒಡಲಿನವರ ಮಾತು. ಸಾಯಹೊರಟಾಗ ಅವಳು ಇನ್ನೇನನ್ನು ನೆನೆಯಬೇಕಿತ್ತು? ಅವಳ ತರ್ಕ ಮುಗ್ಗರಿಸಿದರೆ ಮುಗ್ಗರಿಸಲಿ, ಅವಳೇನು ವಕೀಲಳೇ.

ಹೊಸದಾಗಿ ಓದುವವರಿಗೆ ಒಂದು ಮಾತು. ಮೊದಲ ಓದಿಗೆ ಟಿಪ್ಪಣಿ ಬೇಡ. ಪಿ. ಲಂಕೇಶ್ ಕನ್ನಡಕ್ಕೆ ತಂದ ‘ಅಂತಿಗೊನೆ’ಯನ್ನು ಒಂದೇ ಪಟ್ಟಿಗೆ ಕೂತು ಗಟ್ಟಿಯಾಗಿ ಓದಿಕೊಳ್ಳಿ. ಜೆಬ್ ಆಮೇಲೆ.