ಶ್ವಾನವೈದ್ಯದ ಪರಂಪರೆ: ಒಂದು ವಿಮರ್ಶೆ

ಸಾಕುನಾಯಿಗಳ ಆರೋಗ್ಯವನ್ನು ಕುರಿತು ಈಚೆಗೆ ಬರುತ್ತಿರುವ ಬರವಣಿಗೆಯಲ್ಲಿ ಎರಡು ಮಾತುಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ರೋಗವನ್ನಷ್ಟೇ ನೋಡದೆ ಪ್ರಾಣಿಯ ಆಹಾರ, ವಿಹಾರ, ಸ್ವಭಾವಗಳನ್ನೆಲ್ಲ ಒಟ್ಟಾಗಿ ನೋಡಬೇಕೆಂಬುದು ಮೊದಲನೆಯದು. ಹೀಗೆ ನೋಡುವ ಚಿಕಿತ್ಸಾಕ್ರಮ ನಮ್ಮ ಪ್ರಾಚೀನರಲ್ಲಿ ಸಿದ್ಧವಾಗಿಯೇ ಇದ್ದಿತು, ಅದನ್ನು ನಾಯಿಗೆ ಅನ್ವಯಿಸಿದರೆ ಸಾಕು ಎಂಬುದು ಎರಡನೆಯದು. ಮೊದಲನೆಯ ಮಾತನ್ನು ಯಾರೂ ಅಲ್ಲಗಳೆಯಲಾರರು. ಎರಡನೆಯದಾದರೋ ಗ್ರಂಥಸಾಕ್ಷ್ಯವನ್ನು ಆಶ್ರಯಿಸಿದ ಮಾತು. ಆದುದರಿಂದ ಅದನ್ನು ಪರೀಕ್ಷಿಸುವ ಹೊಣೆ ವೈದ್ಯರದು ಮಾತ್ರವಲ್ಲ, ಗ್ರಂಥಗಳನ್ನು ಓದುವ ನಮ್ಮದೂ ಆಗಿದೆ.

ನಮ್ಮ ಪಶುವೈದ್ಯ ಸಾಹಿತ್ಯ ಬಡವಾದುದಲ್ಲ. ಆನೆಗೆ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವಿದೆ. ಕುದುರೆಗೆ ಶಾಲಿಹೋತ್ರನ ಸಂಪ್ರದಾಯವಿದೆ. ಕನ್ನಡದಲ್ಲಿ ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು ಸುಮಾರು 1125ರಲ್ಲಿ ‘ಗೋವೈದ್ಯ’ವನ್ನು ಬರೆದನು, ಅದರಲ್ಲಿ ಮದ್ದೂ ಮಂತ್ರವೂ ಕೂಡಿಕೊಂಡಿವೆ. ಸುಮಾರು 1400ರಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ ಹುಟ್ಟಿತು. ಅಗ್ನಿಪುರಾಣವು ಆನೆ, ಕುದುರೆ, ಹಸುಗಳ ಚಿಕಿತ್ಸೆಯನ್ನು ಬೇರೆ ಬೇರೆಯಾಗಿ ಹೇಳಿ, ಗಿಡಮರಗಳಿಗೂ ಒಂದು ಆಯುರ್ವೇದವನ್ನು ಹೇಳುತ್ತದೆ. ಈ ಸಾಲಿನಲ್ಲಿ ನಿಲ್ಲತಕ್ಕ ಶ್ವಾನಾಯುರ್ವೇದವನ್ನು ಮಾತ್ರ ನಾವು ಕಾಣೆವು. ವಿರಾಟನ ಮನೆಯಲ್ಲಿ ನಕುಲನು ಕುದುರೆಗಳಿಗೂ ಸಹದೇವನು ಗೋವುಗಳಿಗೂ ಒಡೆಯರಾಗಿ ನಿಂತರು. ನಾಯಿಗಳ ಪಾಲನೆಗೆ ಪಾಂಡವರಲ್ಲಿ ಯಾರೂ ನಿಲ್ಲಲಿಲ್ಲ. ಕಾರಣವನ್ನು ಬಹುದೂರ ಅರಸಬೇಕಾಗಿಲ್ಲ. ಆನೆ ಕುದುರೆಗಳು ಸೇನೆಯ ಅಂಗ, ಗೋವು ಸಂಪತ್ತು, ಮರ ಫಲ. ನಾಯಿಯಾದರೋ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಸೋಮೇಶ್ವರನ ವಿನೋದಗಳ ನಡುವೆ ಸಾರಮೇಯವಿನೋದವೆಂಬ ಒಂದು ಸ್ಥಾನವನ್ನು ಪಡೆದಿದೆ.

ಇದರಿಂದ ನಮ್ಮ ಜನ ನಾಯಿಯನ್ನು ತಿರಸ್ಕರಿಸಿದರೆಂದು ತಿಳಿಯಬಾರದು. ಜನಮೇಜಯನ ಯಾಗಶಾಲೆಯಲ್ಲಿ ಏಟು ತಿಂದ ಸರಮೆಯ ಮರಿಯ ಕಥೆ ಮಹಾಭಾರತದ ಆದಿಪರ್ವದಲ್ಲಿಯೇ ಬರುತ್ತದೆ. ಸ್ವರ್ಗದ ಬಾಗಿಲಲ್ಲಿ ಧರ್ಮರಾಯನು ಬಿಡಲೊಲ್ಲದ ನಾಯಿ ಅದರ ಕೊನೆಯಲ್ಲಿ ಬರುತ್ತದೆ. ನಮ್ಮ ನಾಡಿನಲ್ಲಿಯೇ 10ನೆಯ ಶತಮಾನದ ನಡುವಿನ ಆತಕೂರಿನ ಕಲ್ಲಿದೆ. ಮೆಚ್ಚಿದ ಒಡೆಯನಲ್ಲಿ ಮಣಲೆರನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಮಡಿದಾಗ ಅವನು ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಅದರ ಪೂಜೆ ನಡೆಯುವಂತೆ ಕಟ್ಟುಮಾಡಿದನು. ಕಾಳಿಗೆ ವೀರಗಲ್ಲು ದೊರೆಯಿತು. ಅದರ ಕುಲಕ್ಕೆ ವೈದ್ಯಗ್ರಂಥ ದೊರೆಯಲಿಲ್ಲ. ಪ್ರೀತಿ ಬೇರೆ, ಶಾಸ್ತ್ರ ಬೇರೆ.

ಶಾಸ್ತ್ರವಿಲ್ಲದಿದ್ದರೇನು, ಮನುಷ್ಯನ ಆಯುರ್ವೇದವನ್ನೇ ಪ್ರಮಾಣ ತಗ್ಗಿಸಿ ನಾಯಿಗೆ ಕೊಡಬಾರದೇ ಎಂದು ಕೇಳಬಹುದು. ಪ್ರಾಚೀನರು ಈ ದಾರಿಯನ್ನು ಹಿಡಿಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ವಾತ, ಪಿತ್ತ, ಕಫಗಳ ತತ್ತ್ವ ಎಲ್ಲಕ್ಕೂ ಒಂದೇ ಆಗಿದ್ದರೂ ಆನೆಗೊಂದು, ಕುದುರೆಗೊಂದು, ಹಸುವಿಗೊಂದು ಶಾಸ್ತ್ರವನ್ನು ಅವರು ರಚಿಸಿದರು. ಹಾಗೆ ರಚಿಸಿದ್ದು ಪ್ರತಿಯೊಂದು ದೇಹದ ಸ್ವಭಾವವನ್ನೂ ಅದರದರಲ್ಲಿಯೇ ಕಂಡು ತಿಳಿಯಬೇಕೆಂಬ ವಿವೇಕದಿಂದ ಎಂದು ನಾವು ಭಾವಿಸುತ್ತೇವೆ. ಈ ವಿವೇಕವನ್ನು ಇಂದಿನ ವಿಜ್ಞಾನವೂ ಸಮರ್ಥಿಸುತ್ತದೆ. ನಮ್ಮ ಅಡಿಗೆಯಲ್ಲಿಯೂ ಮನೆಮದ್ದಿನಲ್ಲಿಯೂ ಬಳಕೆಯಾಗುವ ಈರುಳ್ಳಿ, ಬೆಳ್ಳುಳ್ಳಿಗಳು ಪ್ರಮಾಣ ಮೀರಿದಾಗ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೃಶರಿಗೆ ಪುಷ್ಟಿಯೆಂದು ನಾವು ಕೊಡುವ ದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು. ಹೀಗಿರುವಾಗ ಪರಂಪರೆಯ ಹೆಸರಿನಲ್ಲಿ ಮನುಷ್ಯನ ಔಷಧವನ್ನು ನಾಯಿಯ ಬಾಯಿಗೆ ಹಾಕುವವರು ಪರಂಪರೆಯನ್ನೇ ಮೀರಿ ನಡೆಯುತ್ತಾರೆ.

ಇಂದಿನ ಈ ಪಂಥದ ನಿಜವಾದ ಮೂಲಗಳಲ್ಲೊಂದು ಪಶ್ಚಿಮದಲ್ಲಿದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಜೂಲಿಯೆಟ್ ದ ಬೈರಾಕ್ಲಿ ಲೆವಿ (1912–2009) ಪಶುವೈದ್ಯ ವ್ಯಾಸಂಗವನ್ನು ನಡುವೆಯೇ ಬಿಟ್ಟು, ಅಲೆಮಾರಿಗಳಿಂದಲೂ ರೈತರಿಂದಲೂ ಮೂಲಿಕೆಗಳ ತಿಳಿವನ್ನು ಸಂಗ್ರಹಿಸಿದಳು. ನಾಯಿಗಳಿಗಾಗಿ ಆಕೆ ಬರೆದ ಮೂಲಿಕಾಗ್ರಂಥ 1955ರಲ್ಲಿ ಪ್ರಕಟವಾಯಿತು. ಹಸಿಮಾಂಸ, ಉಪವಾಸ, ಬಿಸಿಲು, ಓಡಾಟ, ಮೂಲಿಕೆ ಇವು ಆಕೆಯ ಸೂತ್ರಗಳು. ಪ್ರಾಣಿಯನ್ನು ತಾನೇ ಸಾಕಿ, ತಾನೇ ಕಂಡು ಬರೆದವಳ ನಿಷ್ಠೆ ಆ ಬರಹದ ಗುಣ. ಆದರೆ ಲಸಿಕೆಯಲ್ಲಿ ಆಕೆಗೆ ನಂಬಿಕೆಯಿರಲಿಲ್ಲ. ಡಿಸ್ಟೆಂಪರ್ ರೋಗಕ್ಕೆ ವೈರಸ್ಸು ಕಾರಣವೆಂದು ಕಾರೆಯು 1905ರಲ್ಲಿ ತೋರಿಸಿದ್ದನು. ಲೇಡ್ಲಾ ಮತ್ತು ಡನ್‌ಕಿನ್ ಎಂಬವರು 1920ರ ದಶಕದಲ್ಲಿ ಅದಕ್ಕೆ ಲಸಿಕೆಯನ್ನೂ ಸಿದ್ಧಪಡಿಸಿದ್ದರು. ಈ ರೋಗದಿಂದ ಕೆಲವು ನಾಯಿಗಳು ತಾವಾಗಿಯೇ ಚೇತರಿಸಿಕೊಳ್ಳುವುದುಂಟು. ಗುಣವಾದ ನಾಯಿಗಳನ್ನು ಮಾತ್ರ ಎಣಿಸಿ ಮೂಲಿಕೆಗೆ ಕೀರ್ತಿ ಕೊಟ್ಟರೆ ಅದು ಅನುಭವಕಥನವಾದೀತು, ಪ್ರಮಾಣವಾಗಲಾರದು. ಆಕೆ ಬಹುವಾಗಿ ಮೆಚ್ಚಿದ ಮೂಲಿಕೆಗಳಲ್ಲಿ ಬೆಳ್ಳುಳ್ಳಿಯೂ ಒಂದೆಂಬುದನ್ನು ಮೇಲಿನ ಮಾತಿನೊಡನೆ ಸೇರಿಸಿ ಓದಬೇಕು.

ವಾದವು ಪ್ರಾಣದ ಪ್ರಶ್ನೆಯಾಗುವುದು ಹುಚ್ಚುನಾಯಿಯ ವಿಷಯದಲ್ಲಿ. ಸುಶ್ರುತನು ಕಲ್ಪಸ್ಥಾನದಲ್ಲಿ ಅಂಥ ನಾಯಿಯ ಜೋತ ಬಾಲ, ಸಡಿಲಿದ ದವಡೆ, ಸುರಿಯುವ ಜೊಲ್ಲುಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ಆತನು ಹೇಳುವ ಚಿಕಿತ್ಸೆ ಕಡಿಸಿಕೊಂಡ ಮನುಷ್ಯನಿಗೆ: ಗಾಯದ ರಕ್ತವನ್ನು ಹಿಂಡಿ ತೆಗೆಯುವುದು, ಕಾದ ತುಪ್ಪದಿಂದ ಸುಡುವುದು, ಹಳೆಯ ತುಪ್ಪವನ್ನು ಕುಡಿಸುವುದು ಮುಂತಾದುವು. ಇವುಗಳನ್ನು ಹೇಳಿದ ಆತನೇ, ನೀರನ್ನು ಕಂಡು ಬೆದರುವ ಜಲತ್ರಾಸ ತೋರಿದವನು ಬದುಕುವುದಿಲ್ಲವೆಂದು ಸಾರುತ್ತಾನೆ. ಶಾಸ್ತ್ರಕಾರನೊಬ್ಬನು ತನ್ನ ಶಾಸ್ತ್ರದ ಎಲ್ಲೆಯನ್ನು ತಾನೇ ಗುರುತಿಸಿದ ಈ ಸ್ಥಳ ಅತ್ಯಂತ ಗೌರವಾರ್ಹವಾದುದು. ಪಾಸ್ತರನು 1885ರಲ್ಲಿ ಚಿಕಿತ್ಸೆಯನ್ನು ಆರಂಭಿಸಿದುದೂ ಆ ಎಲ್ಲೆಯ ಈಚೆಗೇ, ರೋಗಲಕ್ಷಣ ತೋರುವ ಮುನ್ನವೇ. ಲಕ್ಷಣ ತೋರಿದ ಮೇಲೆ ಇಂದಿಗೂ ಬದುಕುವವರು ಅತಿ ವಿರಳ. ಕಡಿತದ ಗಾಯವನ್ನು ಕೂಡಲೇ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರಿಂದ ಲಸಿಕೆ ಪಡೆಯುವುದು, ನಾಯಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸುವುದು, ಇವೇ ದಾರಿ. ಇವುಗಳ ಬದಲು ಬೇರನ್ನೋ ಗುಳಿಗೆಯನ್ನೋ ಸೂಚಿಸುವವರಿಗೆ ಸುಶ್ರುತನ ಬೆಂಬಲವಿಲ್ಲ.

ಒಟ್ಟಿನಲ್ಲಿ, ನಾಯಿಯ ಊಟ, ಓಡಾಟ, ಒಡನಾಟಗಳನ್ನು ಚಿಕಿತ್ಸೆಯ ಅಂಗವೆಂದು ಬಗೆಯುವ ಸಮಗ್ರದೃಷ್ಟಿ ಸ್ವಾಗತಾರ್ಹವೇ ಸರಿ. ಆದರೆ ಸಮಗ್ರವೆಂದರೆ ತಿಳಿದುದೆಲ್ಲವನ್ನೂ ಸೇರಿಸಿಕೊಳ್ಳತಕ್ಕುದು. ಲಸಿಕೆಯನ್ನೂ ಪ್ರಯೋಗಶಾಲೆಯನ್ನೂ ಹೊರಗಿಟ್ಟರೆ ಅದು ಸಮಗ್ರವಾಗದು. ಪೂರ್ವಿಕರು ಬರೆಯದ ಶ್ವಾನವೈದ್ಯವನ್ನು ಅವರ ಹೆಸರಿಗೆ ಕಟ್ಟುವುದಕ್ಕಿಂತ, ಒಂದೊಂದು ಪ್ರಾಣಿಯನ್ನೂ ಅದರದರಲ್ಲಿಯೇ ಕಂಡು ಬರೆದ ಅವರ ಕ್ರಮವನ್ನು ಅನುಸರಿಸುವುದೇ ಅವರಿಗೆ ಸಲ್ಲುವ ಗೌರವವೆಂದು ನಮ್ಮ ಅಭಿಪ್ರಾಯ.