ಕರಣೆ ಹಿಡಿದ ಕೈಗೆ ಕಾಗದ

ನಮ್ಮ ಮನೆಯ ಮಾಳಿಗೆ ಮೇಲೊಂದು ಕೋಣೆ ಕಟ್ಟಲು ಬಂದ ಗಾರೆ ಮೇಸ್ತ್ರಿ ಮೊದಲು ಮಾಡಿದ್ದು ಮರಳಿನ ಪರೀಕ್ಷೆ. ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ಕೊಡವಿದರು. ಕೈಗೆ ಮೆತ್ತಿದ ಮಣ್ಣು ತೋರಿಸಿ, "ಇದು ಗಿಲಾವಿಗೆ ಆಗಲ್ಲ ಸರ್, ಬಿರುಕು ಬಿಡುತ್ತೆ" ಅಂದರು. ಮೂಲೆ ಹಾಕುವಾಗ ಒಂದು ದಾರದಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತು ಮಾಡಿ, ಅಡ್ಡ ಹಿಡಿದ ಟೇಪು ಸರಿಯಾಗಿ ಐದಡಿಗೆ ಬರುವ ತನಕ ಮೊಳೆ ಸರಿಸುತ್ತಲೇ ಇದ್ದರು. ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ, ಕೆಲಸಕ್ಕೆ ಬಿದ್ದು 26 ವರ್ಷ. ಕೈಯಲ್ಲೊಂದು ಸರ್ಟಿಫಿಕೇಟು ಇಲ್ಲ.

ಇಂಥವರಿಗೆಂದೇ ಒಂದು ವ್ಯವಸ್ಥೆಯಿದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅದರ ಹೆಸರು ಆರ್‌ಪಿಎಲ್, ಅಂದರೆ ಮೊದಲೇ ಕಲಿತದ್ದನ್ನು ಗುರುತಿಸುವುದು. ದುಡಿಯುತ್ತಲೇ ಕಲಿತವರಿಗೆ ಸಣ್ಣದೊಂದು ತರಬೇತಿ, ಆಮೇಲೆ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ತರಗತಿಯ ಹೊರಗೆ ಕಲಿತದ್ದೂ ಕಲಿಕೆಯೇ ಎಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆ ಒಪ್ಪಿಗೆಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಅದು ಕೂಲಿಕಾರನ ತನಕ ಬರುವ ದಾರಿಯ ಬಗ್ಗೆ.

ಯೋಜನೆಯ ಎರಡನೇ ಹಂತದಲ್ಲಿ ಈ ತರಬೇತಿಗೆ ಗೊತ್ತುಮಾಡಿದ್ದು 12 ಗಂಟೆ. ಅಂದರೆ ಎರಡು ದಿನದ ದುಡಿಮೆ ಹೋಯಿತು. ಕಳೆದುಕೊಂಡ ಕೂಲಿಗೆ ಬದಲಾಗಿ ಪಾಸಾದವರಿಗೆ ಆಗ ಕೊಡುತ್ತಿದ್ದದ್ದು 500 ರೂಪಾಯಿ. ನಮ್ಮ ಕಡೆ ಮೇಸ್ತ್ರಿಯ ಒಂದು ದಿನದ ಕೂಲಿಯೇ ಅದಕ್ಕಿಂತ ಹೆಚ್ಚು. ಫೇಲಾದರೆ ಅದೂ ಇರಲಿಲ್ಲ.

ಇದಕ್ಕಿಂತ ದೊಡ್ಡ ಗೋಡೆ ಭಾಷೆಯದು. ಕೆಲಸದ ಮಾನದಂಡಗಳನ್ನು ಬರೆಯುವುದು ಇಂಗ್ಲಿಷಿನಲ್ಲಿ, ಅವು ಕನ್ನಡಕ್ಕೆ ಇಳಿದರೂ ಪಠ್ಯಪುಸ್ತಕದ ಕನ್ನಡವೇ. ಗಾರೆಯ ಅನುಪಾತ ಎಷ್ಟು ಎಂದು ಕೇಳಿದರೆ ನಮ್ಮ ಮೇಸ್ತ್ರಿ ತಡವರಿಸಿಯಾರು. ಗೋಡೆಗೆ ಹೇಗೆ ಕಲಸುತ್ತೀರಿ ಎಂದು ಕೇಳಿ: ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಎರಡೂ ಒಂದೇ ಲೆಕ್ಕ. ಗೊತ್ತಿರುವುದನ್ನು ಕಾಗದದ ಮಾತಿನಲ್ಲಿ ಹೇಳಲು ಬಾರದವನನ್ನು ಗೊತ್ತಿಲ್ಲದವನ ಸಾಲಿಗೆ ಸೇರಿಸುವ ಪರೀಕ್ಷೆ ಕೌಶಲವನ್ನು ಅಳೆಯುವುದಿಲ್ಲ, ಓದನ್ನು ಅಳೆಯುತ್ತದೆ.

ಈ ಗೋಡೆ ಕೆಡವಲು ಆಗದ್ದೇನಲ್ಲ. ಲಾರಿ, ಬಸ್ಸಿನಂಥ ವಾಹನ ಓಡಿಸುವ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಲೇಬೇಕು ಎಂಬ ಷರತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿತ್ತು. ಓದು ಕಮ್ಮಿಯಿದ್ದರೂ ಡ್ರೈವಿಂಗನ್ನೇ ನೆಚ್ಚಿಕೊಂಡವರು ತುಂಬ ಇರುವ ಹರಿಯಾಣದ ಮೇವಾತ್ ಸೀಮೆಯಿಂದ ಬೇಡಿಕೆ ಬಂದಾಗ, 2019ರಲ್ಲಿ ಅದನ್ನು ಕೈಬಿಟ್ಟರು. ಓಡಿಸಲು ಬರುತ್ತದೆಯೋ ಇಲ್ಲವೋ ಎಂಬ ಪರೀಕ್ಷೆಯನ್ನು ಮಾತ್ರ ಹಾಗೇ ಉಳಿಸಿಕೊಂಡರು. ಗಾರೆಯವರಿಗೂ ಬೇಕಾದದ್ದು ಅಂಥದ್ದೇ. ಪರೀಕ್ಷಕರು ಕಟ್ಟುತ್ತಿರುವ ಗೋಡೆಯ ಹತ್ತಿರ ಬರಲಿ, ತೂಕದ ಗುಂಡು ಇಳಿಬಿಟ್ಟು ನೋಡಲಿ, ಪ್ರಶ್ನೆ ಬಾಯಲ್ಲಿ ಕೇಳಲಿ.

ಆರ್‌ಪಿಎಲ್ ಬಗ್ಗೆ ಹೇಳಿದಾಗ ಮೇಸ್ತ್ರಿ ಒಂದೇ ಮಾತು ಕೇಳಿದರು: "ಆ ಕಾಗದ ತಂದ್ರೆ ನೀವು ಕೂಲಿ ಜಾಸ್ತಿ ಕೊಡ್ತೀರಾ?" ನಾನು ಅವರ ಕೂಲಿ ಗೊತ್ತುಮಾಡಿದ್ದು ಪಕ್ಕದ ಬೀದಿಯ ದರ ವಿಚಾರಿಸಿ. ಬಹುಪಾಲು ಮನೆ ಕಟ್ಟಿಸುವವರು ಮಾಡುವುದೂ ಅದನ್ನೇ. ಕೂಲಿಗೆ ತಳುಕು ಹಾಕದ ಪ್ರಮಾಣಪತ್ರ ಟ್ರಂಕಿನಲ್ಲಿ ಮಡಚಿಟ್ಟ ಹಾಳೆಯಾಗಿಯೇ ಉಳಿಯುತ್ತದೆ.

ಪರೀಕ್ಷೆಯ ಬಾಗಿಲಿಗೂ ಬರಲಾಗದವರು ಬೇರೆಯೇ ಇದ್ದಾರೆ. ಅದೇ ಕೆಲಸದಲ್ಲಿ ಗಾರೆ ಕಲಸುತ್ತಿದ್ದ ಹೆಂಗಸು ಹದಿನಾಲ್ಕು ವರ್ಷದಿಂದ ಬಾಂಡ್ಲಿ ಹೊತ್ತವರು. ಸಲಿಕೆಯಿಂದ ಜಾರುವ ಬಗೆ ನೋಡಿಯೇ ನೀರು ಹೆಚ್ಚಾಯಿತು ಎಂದು ಮೇಸ್ತ್ರಿಗೆ ಹೇಳುತ್ತಿದ್ದರು, ಮೇಸ್ತ್ರಿ ಕೇಳುತ್ತಿದ್ದರು ಕೂಡ. ಆದರೆ ಕರಣೆಯನ್ನು ಅವರ ಕೈಗೆ ಯಾರೂ ಕೊಟ್ಟಿಲ್ಲ. ತೋರಿಸಲು ಅನುಭವವೇ ಇಲ್ಲದ ಮೇಲೆ ಯಾವ ಯೋಜನೆ ಏನನ್ನು ಗುರುತಿಸೀತು? ಒಂದು ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ, ನೀರಿನ ತೊಟ್ಟಿಯ ಹಿಂದೆ ಉಳಿದಿದ್ದ ಎರಡಡಿ ಗೋಡೆಗೆ ಅವರೇ ಗಿಲಾವು ಬಳಿದುಬಿಟ್ಟರು. ಮೂರು ಮಳೆಗಾಲ ಕಳೆದಿದೆ. ಅಲ್ಲಿ ಒಂದು ಕೂದಲೆಳೆ ಬಿರುಕೂ ಇಲ್ಲ.