ಒಂಟಿ ಕೋಣೆಯ ಫಂಕ್

ಫಂಕ್ ಗುಂಪಿನಲ್ಲಿ ಹುಟ್ಟಿದ ಸಂಗೀತ. 1967ರಲ್ಲಿ ಜೇಮ್ಸ್ ಬ್ರೌನ್ 'ಕೋಲ್ಡ್ ಸ್ವೆಟ್' ಹೊರತಂದಾಗಲೇ ಅದರ ಕಟ್ಟುಪಾಡು ಗೊತ್ತಾಗಿಹೋಗಿತ್ತು. ಸ್ವರಗಳ ಏರಿಳಿತ ಹಿಂದೆ ಸರಿಯಬೇಕು, ಲಯ ಮುಂದೆ ಬರಬೇಕು. ಗಿಟಾರು, ಟ್ರಂಪೆಟ್, ಬಾಸ್, ಕಡೆಗೆ ಹಾಡುವವನ ಗಂಟಲು ಕೂಡ ಡ್ರಮ್ಮಿನ ಹಾಗೆ ನಡೆದುಕೊಳ್ಳಬೇಕು. ನಾಲ್ಕರ ಎಣಿಕೆಯ ಮೊದಲ ಪೆಟ್ಟಿಗೆ ಎಲ್ಲರೂ ಬಂದು ಕೂಡಬೇಕು. ಬ್ರೌನ್ ಆ ಪೆಟ್ಟನ್ನು 'ದಿ ಒನ್' ಎನ್ನುತ್ತಿದ್ದ. ತಬಲಾ ಕಛೇರಿಯಲ್ಲಿ ಸಮಕ್ಕೆ ಬಂದು ಇಳಿಯುವಾಗ ಸಭೆ ತಲೆದೂಗುತ್ತದಲ್ಲ, ಆ ಸುಖವನ್ನು ಕ್ಷಣಕ್ಷಣಕ್ಕೂ ಕೊಡುವ ಸಂಗೀತ ಇದು. ನುಡಿಸುವವರು ಒಂದೇ ಕೋಣೆಯಲ್ಲಿ, ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರ ನಿಂತಿದ್ದರೆ ಮಾತ್ರ ಇದು ಸಾಧ್ಯ ಎಂದು ಎಲ್ಲರೂ ನಂಬಿದ್ದರು.

ಆ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು 1971ರ ನವೆಂಬರಿನಲ್ಲಿ ಬಂದ 'ದೇರ್ಸ್ ಎ ರಯಟ್ ಗೋಯಿನ್ ಆನ್'. ಆಲ್ಬಮ್ ಬಂದದ್ದು ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಎಂಬ ತಂಡದ ಹೆಸರಿನಲ್ಲಿ. ಒಳಗಿರುವ ಕೆಲಸ ಬಹುಪಾಲು ಸ್ಲೈ ಸ್ಟೋನ್ ಒಬ್ಬನದೇ. ಫಂಕ್‌ನ ಮೊದಲ ನಿಯಮವನ್ನೇ ಮುರಿದ ಈ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಐವತ್ತು ವರ್ಷ ದಾಟಿದ ಮೇಲೂ ಹೊಸ ಕೇಳುಗರನ್ನು ಹುಡುಕಿಕೊಳ್ಳುತ್ತಲೇ ಇದೆ. ಹಳೆಯ ಕಾಲದ ನೆನಪಿನ ಮೋಹ ಇದಕ್ಕೆ ಕಾರಣ ಎಂದು ನನಗನಿಸುವುದಿಲ್ಲ.

ಸ್ಲೈಯ ನಿಜನಾಮ ಸಿಲ್ವೆಸ್ಟರ್ ಸ್ಟುವರ್ಟ್. ಬೆಳೆದದ್ದು ಕ್ಯಾಲಿಫೋರ್ನಿಯಾದ ವಲೇಹೋದಲ್ಲಿ, ಚರ್ಚಿನ ಹಾಡುಗಳ ನಡುವೆ. ಆಮೇಲೆ ರೇಡಿಯೋದಲ್ಲಿ ಡಿಸ್ಕ್ ಜಾಕಿಯಾದ. ಆಟಮ್ ರೆಕಾರ್ಡ್ಸ್‌ನಲ್ಲಿ ಬೇರೆಯವರ ಹಾಡುಗಳನ್ನು ನಿರ್ಮಿಸಿದ. ಸ್ಟುಡಿಯೋದ ಒಂದೊಂದು ಗುಂಡಿಯೂ ಅವನಿಗೆ ಗೊತ್ತಿತ್ತು, ಈ ಮಾತು ಮುಂದೆ ಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನು ಕಟ್ಟಿದ ತಂಡದಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು. ಹೆಂಗಸರು ಹಿಂದೆ ನಿಂತು ದನಿಗೂಡಿಸುವುದಕ್ಕೆ ಮಾತ್ರ ಎಂಬ ಆ ಕಾಲದ ರೂಢಿಯನ್ನು ಬಿಟ್ಟು ಸಿಂಥಿಯಾ ರಾಬಿನ್ಸನ್ ಟ್ರಂಪೆಟ್ ಊದುತ್ತಿದ್ದಳು, ತಂಗಿ ರೋಸ್ ಕೀಬೋರ್ಡ್ ನುಡಿಸುತ್ತಿದ್ದಳು. 1969ರ 'ಸ್ಟ್ಯಾಂಡ್!' ಆಲ್ಬಮ್, ಅದೇ ವರ್ಷದ ವುಡ್‌ಸ್ಟಾಕ್ ಉತ್ಸವ: ಅಮೆರಿಕ ತಾನು ಹೇಗಿರಬೇಕೆಂದು ಕನಸು ಕಂಡಿತ್ತೋ ಆ ಚಿತ್ರ ಈ ತಂಡದಲ್ಲಿ ವೇದಿಕೆ ಹತ್ತಿ ಕುಣಿಯುತ್ತಿತ್ತು.

ಆಮೇಲಿನದು ಎಲ್ಲರಿಗೂ ತಿಳಿದ ಕಥೆ. ಮಾದಕ ವಸ್ತು, ಲಾಸ್ ಏಂಜಲೀಸಿನ ಬೆಲ್ ಏರ್‌ನಲ್ಲಿ ದೊಡ್ಡ ಮನೆ, ತಪ್ಪಿಸಿದ ಕಾರ್ಯಕ್ರಮಗಳು. 1970ರ ಜುಲೈನಲ್ಲಿ ಶಿಕಾಗೋದ ಗ್ರ್ಯಾಂಟ್ ಪಾರ್ಕಿನಲ್ಲಿ ಈ ತಂಡಕ್ಕಾಗಿ ಕಾದಿದ್ದ ಜನ ಗಲಭೆಗಿಳಿದರು. 1971ರಲ್ಲಿ ಡ್ರಮ್ಮರ್ ಗ್ರೆಗ್ ಎರಿಕೊ ತಂಡ ಬಿಟ್ಟ.

ಖಾಲಿಯಾದ ಆ ಜಾಗಕ್ಕೆ ಸ್ಲೈ ತಂದು ಕೂರಿಸಿದ್ದು ಮೇಸ್ಟ್ರೋ ರಿದಮ್ ಕಿಂಗ್ ಎಂಬ ಪೆಟ್ಟಿಗೆಯನ್ನು. ಮನೆಯಲ್ಲಿ ಆರ್ಗನ್ ನುಡಿಸುವವರಿಗೆ ಜೊತೆ ಕೊಡಲೆಂದು ವಾಲ್ಟ್ಸ್, ಬೋಸಾನೋವಾ ಮುಂತಾದ ಸಿದ್ಧ ನಡೆಗಳನ್ನು ತುಂಬಿಟ್ಟ ಯಂತ್ರ ಅದು. ಗಂಭೀರ ಸಂಗೀತಗಾರರು ಅದನ್ನು ಆಟಿಕೆಯೆಂದೇ ಬಗೆಯುತ್ತಿದ್ದರು. ಸ್ಲೈ ಅದರ ಟಿಕ್ ಟಿಕ್ ಸದ್ದಿನ ಮೇಲೆ ಬಾಸ್, ಗಿಟಾರು, ಕೀಬೋರ್ಡುಗಳನ್ನು ಒಂದೊಂದಾಗಿ ತಾನೇ ನುಡಿಸಿ ಪೇರಿಸಿದ. 'ಫ್ಯಾಮಿಲಿ ಅಫೇರ್' ಕೇಳಿನೋಡಿ. ಯಂತ್ರ ಒಣಗಿದ ದನಿಯಲ್ಲಿ ತನ್ನ ಪಾಡಿಗೆ ತಾನು ಎಣಿಸುತ್ತಿರುತ್ತದೆ; ಬಿಲ್ಲಿ ಪ್ರೆಸ್ಟನ್‌ನ ಎಲೆಕ್ಟ್ರಿಕ್ ಪಿಯಾನೋ ಅದರ ಸುತ್ತ ನಿಧಾನವಾಗಿ ಸುಳಿಯುತ್ತದೆ; ರೋಸ್ ಪಲ್ಲವಿಯನ್ನು ಸ್ಪಷ್ಟವಾಗಿ, ತಣ್ಣಗೆ ಹಾಡುತ್ತಾಳೆ. ಆಮೇಲೆ ಸ್ಲೈಯ ದನಿ. ವುಡ್‌ಸ್ಟಾಕಿನಲ್ಲಿ ಜನಸಾಗರವನ್ನು ಎಬ್ಬಿಸಿ ನಿಲ್ಲಿಸಿದ ಆ ಗಂಟಲು ಇಲ್ಲಿ ಕೆಳಸ್ಥಾಯಿಗೆ ಜಾರಿ, ಪಕ್ಕದಲ್ಲಿ ಕೂತವನಿಗೆ ಹೇಳುವಷ್ಟೇ ಮೆಲ್ಲಗೆ ಗೊಣಗುತ್ತದೆ. ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬ ದಾರಿಗೆ ಬಂದವನು, ಒಬ್ಬ ಬಿಟ್ಟವನು. ತಾಯಿಗೆ ಇಬ್ಬರೂ ಬೇಕು. ಡ್ರಮ್ ಮೆಷಿನ್ ಬಳಸಿ ಅಮೆರಿಕದ ಪಟ್ಟಿಯ ನೆತ್ತಿಗೇರಿದ ಮೊದಮೊದಲ ಹಾಡುಗಳಲ್ಲಿ ಇದು ಒಂದು. ಅದಕ್ಕಿಂತ ನನಗೆ ಮುಖ್ಯವಾದದ್ದು, ಯಾರಿಗೂ ಕಾಯದ, ಯಾರ ಮುಖವನ್ನೂ ನೋಡದ ಯಂತ್ರದ ಮುಂದೆ ಮನುಷ್ಯನ ದನಿ ಎಷ್ಟು ನಡುಗುತ್ತದೆ ಎಂಬುದು ಇಲ್ಲಿ ಕಿವಿಗೆ ಕೇಳಿಸುತ್ತದೆ. ಕುಟುಂಬದ ಮೇಲಿನ ಹಾಡನ್ನು ತಂಡವಿಲ್ಲದೆ ಹಾಡಿದ್ದರಿಂದಲೇ ಅದಕ್ಕೆ ಈ ತೂಕ ಬಂದಿದೆ.

ಟೇಪಿನ ಮೇಲೆ ಮತ್ತೆ ಮತ್ತೆ ಅಳಿಸಿ, ಮತ್ತೆ ಮತ್ತೆ ಮುದ್ರಿಸಿ ಅದು ಸವೆದುಹೋಗಿತ್ತು. ಹಾಗಾಗಿ ಆಲ್ಬಮ್ಮಿನ ಉದ್ದಕ್ಕೂ ಒಂದು ಮಬ್ಬು, ಹಿಸ್ಸೆನ್ನುವ ಒಂದು ಸದ್ದು ಹರಡಿಕೊಂಡಿದೆ. ಇದೆಲ್ಲ ಕೊಕೇನಿನ ಅಮಲಿನಲ್ಲಿ ತಾನಾಗಿ ಆದದ್ದು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮಲು ಅವನ ಬದುಕನ್ನು ತಿಂದಿತು, ಅದರಲ್ಲಿ ಅನುಮಾನವಿಲ್ಲ. ಅದಕ್ಕೆ ಈ ಸಂಗೀತದ ಯಶಸ್ಸನ್ನೂ ಒಪ್ಪಿಸುವುದು ಅವನ ಕಸುಬಿಗೆ ಮಾಡುವ ಅನ್ಯಾಯ. 'ಥ್ಯಾಂಕ್ ಯೂ' ಹಾಡನ್ನು ಅವನು ಇಲ್ಲಿ ಏನು ಮಾಡಿದ್ದಾನೆ ನೋಡಿ. 1969ರ ಕೊನೆಗೆ ಅದು ಬಂದಾಗ ತಂಡದ ಲ್ಯಾರಿ ಗ್ರಹಾಂ ಹೆಬ್ಬೆರಳಿನಿಂದ ಬಾಸ್ ತಂತಿಯನ್ನು ಬಡಿದು ಚಿಮ್ಮಿಸಿದ ನಾದಕ್ಕೆ ಕೂತವರ ಕಾಲು ತಾನಾಗಿ ಕುಣಿಯುತ್ತಿತ್ತು. ಮುಂದಿನ ಬಾಸ್ ವಾದಕರ ಒಂದು ಪೀಳಿಗೆಯೇ ಆ ಏಟನ್ನು ಕಲಿತಿತು. ಎರಡು ವರ್ಷಗಳ ನಂತರ ಅದೇ ಹಾಡನ್ನು ಸ್ಲೈ ಆಫ್ರಿಕಾಕ್ಕೆ ಕೃತಜ್ಞತೆ ಹೇಳುವ ಹೊಸ ಹೆಸರಿನಲ್ಲಿ ಆಲ್ಬಮ್ಮಿನ ಕೊನೆಗಿಟ್ಟ. ಏಳು ನಿಮಿಷ, ಕಾಲೆಳೆದುಕೊಂಡು ನಡೆಯುವ ಕಾಲಪ್ರಮಾಣ, ಪೆಟ್ಟುಗಳ ನಡುವೆ ಉಸಿರು ಕಟ್ಟುವಷ್ಟು ಖಾಲಿ ಜಾಗ. ಸಾಹಿತ್ಯ ಹಳೆಯದೇ, ಸಂಭ್ರಮ ಮಾತ್ರ ಇಳಿದುಹೋಗಿದೆ. ಮೈಮರೆತವನಿಗೆ ಇಷ್ಟು ಲೆಕ್ಕಾಚಾರದ ಕೆಲಸ ಸಾಧ್ಯವಿಲ್ಲ.

ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡಿನ ಅವಧಿ ಸೊನ್ನೆ ಸೆಕೆಂಡು. 1971ರ ಮೇ ತಿಂಗಳಲ್ಲಿ ಗಾಯಕ ಮಾರ್ವಿನ್ ಗೇ ತನ್ನ ಆಲ್ಬಮ್ಮಿನ ಹೆಸರಿನಲ್ಲಿ 'ಏನು ನಡೆಯುತ್ತಿದೆ' ಎಂದು ಕೇಳಿದ್ದ ಪ್ರಶ್ನೆಗೆ ಈ ಹೆಸರು ಉತ್ತರ ಎಂದು ಓದುವುದು ರೂಢಿ. ಗೇಯ ದುಃಖಕ್ಕೆ ಪಿಟೀಲುಗಳ ಆಸರೆಯಿದೆ, ಕೇಳುವ ದೇವರಿದ್ದಾನೆ. ಸ್ಲೈಗೆ ಎರಡೂ ಇಲ್ಲ.

ಎಲ್ಲವೂ ಒಂದೇ ಮಟ್ಟದಲ್ಲಿದೆ ಎಂದು ಹೇಳಲಾರೆ. 'ಸ್ಪೇಸ್ಡ್ ಕೌಬಾಯ್'ನ ಯೋಡಲಿಂಗ್ ಮೊದಲ ಸಲಕ್ಕೆ ವಿಚಿತ್ರ, ಎರಡನೇ ಸಲಕ್ಕೆ ಬೇಸರ. ಎಂಟು ನಿಮಿಷ ಮೀರುವ 'ಆಫ್ರಿಕಾ ಟಾಕ್ಸ್ ಟು ಯೂ' ಕಡೆಕಡೆಗೆ ತನ್ನ ಎಳೆಯನ್ನೇ ಮರೆಯುತ್ತದೆ.

ಫಂಕ್ ಪರಂಪರೆ ಇಲ್ಲಿಂದ ಕವಲೊಡೆಯಿತು. ಜಾರ್ಜ್ ಕ್ಲಿಂಟನ್ ಗುಂಪನ್ನು ಇನ್ನಷ್ಟು ದೊಡ್ಡದು ಮಾಡಿದ. ಅವನ 1975ರ ಆಲ್ಬಮ್ 'ಮದರ್‌ಶಿಪ್ ಕನೆಕ್ಷನ್' ಒಂದು ಜಾತ್ರೆ. ಇನ್ನೊಂದು ಕವಲು ಒಂಟಿ ಕೋಣೆಯದು: 1978ರಲ್ಲಿ ತನ್ನ ಮೊದಲ ಆಲ್ಬಮ್ಮಿನ ವಾದ್ಯಗಳನ್ನೆಲ್ಲ ತಾನೇ ನುಡಿಸಿದ ಪ್ರಿನ್ಸ್ ಆ ದಾರಿಯವನು. ಜಾಝ್ ಕೂಡ ಕಿವಿಗೊಟ್ಟಿತು. 1972ರಲ್ಲಿ ಮೈಲ್ಸ್ ಡೇವಿಸ್ ಬಾದಲ್ ರಾಯ್ ಅವರ ತಬಲಾ ಸೇರಿಸಿಕೊಂಡು 'ಆನ್ ದ ಕಾರ್ನರ್' ಮಾಡುವಾಗ ಸ್ಲೈಯ ಗುಂಗಿನಲ್ಲಿದ್ದ. ಮರುವರ್ಷ ಹರ್ಬಿ ಹ್ಯಾನ್‌ಕಾಕ್ 'ಹೆಡ್ ಹಂಟರ್ಸ್'ನ ಒಂದು ರಚನೆಗೆ 'ಸ್ಲೈ' ಎಂದೇ ಹೆಸರಿಟ್ಟ.

ಸ್ಲೈ ತೀರಿಕೊಂಡದ್ದು 2025ರ ಜೂನ್ 9ರಂದು. ಅವನ ಋಣವನ್ನು ಅತ್ಯಂತ ಚೆನ್ನಾಗಿ ತೀರಿಸಿದ್ದು 2000ದಲ್ಲಿ ಬಂದ ಡಿಏಂಜಲೋನ 'ವೂಡೂ' ಎಂದು ನನ್ನ ಎಣಿಕೆ. ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ಡಿಏಂಜಲೋ ವಾದಕರನ್ನು ಮತ್ತೆ ಒಂದೇ ಕೋಣೆಯಲ್ಲಿ ಕೂಡಿಸಿದ. ಡ್ರಮ್ ಹಿಡಿದ ಕ್ವೆಸ್ಟ್‌ಲವ್ ಮತ್ತು ಬಾಸ್ ಹಿಡಿದ ಪೀನೋ ಪಲಾಡಿನೊ ಪ್ರತಿ ಪೆಟ್ಟನ್ನೂ ಕೂದಲೆಳೆಯಷ್ಟು ತಡಮಾಡಿ, ಬೇಕೆಂದೇ ಹಿಂದೆ ಜಗ್ಗಿ ನುಡಿಸಿದರು. ಸ್ಲೈ ಒಬ್ಬನೇ ಕೂತು ಯಂತ್ರದೊಡನೆ ಗುದ್ದಾಡಿ ಕಂಡುಕೊಂಡಿದ್ದ ಆ ತೂಗಾಟವನ್ನು ಇವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈಯಲ್ಲೇ ತಂದರು.